ನಲಿ-ಕಲಿ ಮುಗಿಸಿ ನಾಲ್ಕಕ್ಕೆ ಬಂದ ಮಕ್ಕಳು ಸುಮ್ಮನಾಗಿಬಿಡುತ್ತಾರೆ, ಏನು ಮಾಡಲಿ?

ಎರಿಹೊಲದ_ಟೀಚರ್ (ಬಾಗಲಕೋಟೆ ಜಿಲ್ಲೆ), ಜೂನ್ 7

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ಇಬ್ಬರೇ ಇದ್ದೇವೆ. ಒಂದರಿಂದ ಮೂರರವರೆಗಿನ ನಲಿ-ಕಲಿ (ಕಾರ್ಡು, ಚಟುವಟಿಕೆಯಿಂದ ಕಲಿಸುವ ಪದ್ಧತಿ) ಇನ್ನೊಬ್ಬರು ನೋಡಿಕೊಳ್ಳುತ್ತಾರೆ, ನಾಲ್ಕು ಮತ್ತು ಐದು ಒಂದೇ ಕೋಣೆಯಲ್ಲಿ ನನಗೆ. ಎರಡೂ ಸೇರಿ 27 ಮಕ್ಕಳು.

ನನ್ನ ತೊಂದರೆ ಏನಂದರೆ, ಮೂರನೆಯ ತರಗತಿಯವರೆಗೆ ಈ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಹಿಡಿದು, ಕಲಿಕೆಯ ಏಣಿಯಲ್ಲಿ ತಮ್ಮ ಮೆಟ್ಟಿಲು ತಾವೇ ಹುಡುಕಿಕೊಂಡು, ಒಬ್ಬರಿಗೊಬ್ಬರು ಹೇಳಿಕೊಡುತ್ತಾ ಕಲಿತವರು. ಬಿಡಿಸಿದ ಚಿತ್ರ ಚಪ್ಪರಕ್ಕೆ ಕಟ್ಟುವಾಗ ಜಗಳವೇ ಆಗುತ್ತಿತ್ತು, ನನ್ನದು ಮುಂದೆ ಇರಲಿ ಅಂತ. ಅದೇ ಮಕ್ಕಳು ಜೂನ್‌ನಲ್ಲಿ ಗೋಡೆ ದಾಟಿ ನನ್ನ ಕೋಣೆಗೆ ಬರುತ್ತಾರೆ, ಸಾಲಾಗಿ ಕೂರುತ್ತಾರೆ, ಪುಸ್ತಕ ತೆಗೆಯುತ್ತಾರೆ, ಮಾತು ನಿಂತುಹೋಗುತ್ತದೆ. ಪ್ರಶ್ನೆ ಕೇಳಿದರೆ ಪುಸ್ತಕದ ಸಾಲನ್ನೇ ಓದಿ ಹೇಳುತ್ತಾರೆ. ಕಳೆದ ವರ್ಷ ಹೀಗೇ ಆಯಿತು. ಈ ವರ್ಷ ಮತ್ತೆ ಕಣ್ಣೆದುರೇ ಶುರುವಾಗಿದೆ, ನನಗೆ ನಿಜವಾಗಲೂ ಸಂಕಟ ಆಗುತ್ತಿದೆ.

ಚಟುವಟಿಕೆ ಅಂತ ಹುಡುಕಿದರೆ ಬಣ್ಣದ ಕಾಗದ, ಗ್ಲಿಟರ್, ಥರ್ಮಾಕೋಲ್, ಪ್ರಿಂಟರ್ ಬೇಕು ಅನ್ನುವಂಥವೇ ಜಾಸ್ತಿ ಸಿಗುತ್ತವೆ. ನಮ್ಮಲ್ಲಿ ಅವು ಯಾವುವೂ ಇಲ್ಲ. ಇರುವುದು ಒಂದು ಅಂಗಳ, ಎರಡು ಬೇವಿನ ಗಿಡ, ಹಿಂದೆ ಎರಿ (ಕಪ್ಪು ಮಣ್ಣಿನ) ಹೊಲ, ಬಿಸಿಯೂಟದ ಕೋಣೆ, ಇಷ್ಟೇ. ಒಂದು ದಿನ ಮಾಡಿ ಬಿಡುವಂಥದ್ದು ಬೇಡ. ಮಕ್ಕಳು ಮತ್ತೆ ಬಾಯಿ ಬಿಡುವಂಥದ್ದು, ಮನೆಗೆ ಹೋದ ಮೇಲೂ ತಲೆಯಲ್ಲಿ ಓಡುವಂಥದ್ದು ಏನಾದರೂ ನೀವು ಮಾಡಿದ್ದರೆ ದಯವಿಟ್ಟು ಹೇಳಿ. ಓದಿ ಗೊತ್ತಿದ್ದದ್ದಕ್ಕಿಂತ ಮಾಡಿ ನೋಡಿದ್ದನ್ನು ಹೇಳಿದರೆ ಉಪಕಾರ ಆಗುತ್ತದೆ.


ಮಲಪ್ರಭಾ_ದಂಡೆ (ಬಾದಾಮಿ ತಾಲ್ಲೂಕು), ಜೂನ್ 7

ಅಕ್ಕೋರೇ ನಮಸ್ಕಾರ. ನೀವು ಹೇಳಿದ ಆ ಗೋಡೆ ದಾಟುವ ಮಾತು ನನ್ನ ಶಾಲೆಯದೂ ಹೌದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ನಮ್ಮ ಊರಿನ ತನಕ ಬಂದು ಮೂರನೆಯ ತರಗತಿಗೆ ನಿಂತಿತು, ಆದರೆ ಮಗುವಿನ ಸ್ವಭಾವ ಮೂರಕ್ಕೆ ನಿಲ್ಲುವುದಿಲ್ಲವಲ್ಲ. ಮೊದಲು ಒಂದು ಸಣ್ಣ ಕೆಲಸ ಮಾಡಿ. ಸಾಲು ಮುರಿಯಿರಿ. ನಾಲ್ಕು ಐದನ್ನು ಬೆರೆಸಿ ಗುಂಪು ಮಾಡಿ ಕೂರಿಸಿ. ಐದನೆಯದವರು ನಾಲ್ಕರವರಿಗೆ ಹೇಳಿಕೊಡಲಿ, ಅದು ಅವರಿಗೆ ರೂಢಿ ಇದ್ದದ್ದೇ.

ಚಟುವಟಿಕೆಗೆ ಬರುತ್ತೇನೆ. ಇದೇ ತಿಂಗಳು ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ನಿಮ್ಮ ಮಕ್ಕಳೆಲ್ಲ ಮನೆಯಲ್ಲಿ ಎತ್ತು ಮಾಡುವವರೇ ಇರುತ್ತಾರೆ. ಅದನ್ನು ಶಾಲೆಯಲ್ಲಿ ಮಾಡಿಸಿ, ಒಂದು ವಾರ ಮುಂಚೆ. ನಾನು ಮಾಡಿಸಿದ್ದು ಹೀಗೆ. ಒಂದು ಗುಂಪಿಗೆ ಬರೀ ಎರಿ ಮಣ್ಣು, ಎರಡನೆಯದಕ್ಕೆ ಎರಿಯಲ್ಲಿ ಒಲೆಯ ಬೂದಿ ಕಲಸಿದ್ದು, ಮೂರನೆಯದಕ್ಕೆ ಮರಳು ಕಲಸಿದ್ದು, ನಾಲ್ಕನೆಯದಕ್ಕೆ ಸಣ್ಣಗೆ ಕತ್ತರಿಸಿದ ಹೊಟ್ಟು ಕಲಸಿದ್ದು. ಯಾಕೆ ಹೀಗೆ ಕೊಟ್ಟೆ ಅಂತ ಹೇಳಲಿಲ್ಲ. ಎತ್ತು, ಅವು ಮೇಯುವ ಗ್ವಾದಲಿ ಮಾಡಿ, ಕಣ್ಣಿಗೆ ಜೋಳದ ಕಾಳು ಒತ್ತಿ, ಬಿಸಿಲಿಗೆ ಇಟ್ಟೆವು.

ಮರುದಿನ ಬರೀ ಎರಿ ಮಣ್ಣಿನ ಎತ್ತುಗಳ ಹೊಟ್ಟೆಯೆಲ್ಲ ಬಿರುಕು. ಒಂದರ ಕಾಲೇ ಕಳಚಿ ಬಿದ್ದಿತ್ತು. ಉಳಿದ ಗುಂಪಿನವು ಅಷ್ಟು ಒಡೆದಿರಲಿಲ್ಲ. ಆ ಬೆಳಿಗ್ಗೆ ನಾನು ಪಾಠ ಶುರು ಮಾಡಲೇ ಇಲ್ಲ, ಅವರೇ ಶುರು ಮಾಡಿದರು. ನಿಮ್ಮದ್ಯಾಕ ಒಡೀಲಿಲ್ಲ, ನೀವೇನ್ ಹಾಕಿದ್ರಿ, ನೀರ ಜಾಸ್ತಿ ಆಗಿತ್ತೇನೋ ಅಂತ ಒಂದು ತಾಸು ಚರ್ಚೆ. ಎರಿ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ಇದಕ್ಕೇ ಅನ್ನುವುದನ್ನು ನಾನು ಹೇಳಬೇಕಾಗಿ ಬರಲಿಲ್ಲ. ಒಬ್ಬ ಹುಡುಗ ತಾನಾಗಿಯೇ, "ನಮ್ಮ ಹೊಲದಾಗ ಬಿರುಕಿನ್ಯಾಗ ಕೈ ಹೋಕ್ಕೈತ್ರಿ, ಇದೂ ಹಂಗ ಅಲ್ರಿ?" ಅಂದ. ಆಮೇಲೆ ಊರಿನ ಕುಂಬಾರರನ್ನು ಕರೆದೆವು, ಅವರು ಮಡಕೆ ಮಣ್ಣಿಗೆ ಏನೇನು ಸೇರಿಸುತ್ತಾರೆ ಅಂತ ಮಕ್ಕಳೇ ಕೇಳಿ ಬರೆದುಕೊಂಡರು.

ಇದರ ಮುಂದಿನ ಮೆಟ್ಟಿಲೂ ಇದೆ. ಎರಡು ನೀರಿನ ಬಾಟಲಿ ನಡುವೆ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿ. ಒಂದಕ್ಕೆ ಪುಡಿ ಮಾಡಿದ ಎರಿ ಮಣ್ಣು, ಇನ್ನೊಂದಕ್ಕೆ ಅಷ್ಟೇ ಮಸಾರಿ, ಅಂದರೆ ಕೆಂಪು ಮಣ್ಣು. ಎರಡಕ್ಕೂ ಒಂದೊಂದು ಲೋಟ ನೀರು. ಮಸಾರಿಯಿಂದ ನೀರು ಬೇಗ ಇಳಿಯುತ್ತದೆ, ಎರಿ ಹಿಡಿದುಕೊಂಡು ಕೂರುತ್ತದೆ. ಕೆಳಗೆ ಬಿದ್ದ ನೀರನ್ನು ಅಳೆಯಲಿ, ಬರೆಯಲಿ. ಆಗ ಕೇಳಿ, ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆ ಇಲ್ಲದಿದ್ದರೂ ಹೇಗೆ ಬೆಳೆಯುತ್ತದೆ ಅಂತ. ರೈತರ ಮಕ್ಕಳು, ಉತ್ತರ ಅವರ ಕೈಯಲ್ಲೇ ಇರುತ್ತದೆ.

ಒಂದು ಮಾತು ಮಾತ್ರ ನೆನಪಿಟ್ಟುಕೊಳ್ಳಿ. ಮಗು ಮಾಡಿದ್ದನ್ನು ನಾವು ತಿದ್ದಬಾರದು. ಒಬ್ಬ ಹುಡುಗಿಯ ಎತ್ತಿಗೆ ಒಂದು ಕೊಂಬು ಮೇಲಕ್ಕೆ, ಒಂದು ಕೆಳಕ್ಕೆ ಇತ್ತು. ನಾನು ಸರಿ ಮಾಡಲು ಕೈ ಚಾಚಿದೆ. ಅವಳು ಎತ್ತನ್ನು ಎದೆಗೆ ಅವಚಿಕೊಂಡು, "ಬ್ಯಾಡ್ರಿ, ನಮ್ಮ ಮನಿ ಎತ್ತಿನ ಕೊಂಬು ಹಿಂಗ ಐತ್ರಿ" ಅಂದಳು. ಸಂಜೆ ಅವರ ಮನೆ ಮುಂದೆ ಹಾದು ಹೋಗುವಾಗ ನೋಡಿದೆ, ಹೌದು, ಹಾಗೇ ಇತ್ತು.


ಗುಮ್ಮಟದೂರು (ವಿಜಯಪುರ), ಜೂನ್ 8

ಮಣ್ಣಿನ ಚಟುವಟಿಕೆ ತುಂಬಾ ಚೆನ್ನಾಗಿದೆ, ನಾನೂ ಮಾಡಿಸುತ್ತೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಆದರೆ ಇದನ್ನು ನಾಲ್ಕು ಐದರ ಮಕ್ಕಳ ಜೊತೆಗೂ ಮಾಡಿದ್ದೇನೆ. ವರ್ಷಪೂರ್ತಿ ನಡೆಯುವಂಥದ್ದು ಬೇಕು ಅಂದಿರಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಒಂದು ಕೋಲು ಸಾಕು.

ಅಂಗಳದಲ್ಲಿ ಮರದ ನೆರಳು ಬೀಳದ ಸಮತಟ್ಟು ಜಾಗ ನೋಡಿ. ನೆಲದಿಂದ ಮೇಲೆ ಸರಿಯಾಗಿ 1 ಮೀಟರ್ ಇರುವಂತೆ ಒಂದು ನೇರ ಕೋಲು ಅಥವಾ ಕಬ್ಬಿಣದ ಸರಳು ನೆಡಿ. ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಟ್ಟು ಅದು ನೆಟ್ಟಗಿದೆಯಾ ಅಂತ ಮಕ್ಕಳೇ ನೋಡಲಿ. ಮೊದಲ ದಿನ 12 ಗಂಟೆಯಿಂದ 1 ಗಂಟೆಯವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಒಂದೊಂದು ಹರಳು ಇಡಿಸಿ. ನೆರಳು ಎಲ್ಲಕ್ಕಿಂತ ಗಿಡ್ಡ ಆಗುವುದು ಯಾವಾಗ ಅಂತ ಮೊದಲೇ ಕೇಳಿ. ಎಲ್ಲರೂ 12 ಗಂಟೆಗೆ ಅನ್ನುತ್ತಾರೆ, ದೊಡ್ಡವರೂ ಅನ್ನುತ್ತಾರೆ. ಹರಳು ಬೇರೆ ಹೇಳುತ್ತದೆ. ನಮ್ಮ ಕಡೆ ಅದು ಸುಮಾರು 12:30ರ ಹತ್ತಿರ, ವರ್ಷದಲ್ಲಿ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಯಾಕಂದರೆ ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು, ನಾವಿರುವುದು 75.7ರ ಹತ್ತಿರ. ಒಂದು ಡಿಗ್ರಿಗೆ 4 ನಿಮಿಷ ಅಂದರೆ ನಮ್ಮ ಮಧ್ಯಾಹ್ನ ಹತ್ತಿರ ಹತ್ತಿರ 27 ನಿಮಿಷ ತಡ. ಈ ಲೆಕ್ಕ ನಾಲ್ಕನೆಯದಕ್ಕೆ ಬೇಡ, ಹರಳು ಸಾಕು.

ಆಮೇಲೆ ವಾರಕ್ಕೊಂದು ದಿನ, ಊಟಕ್ಕೆ ಕೈ ತೊಳೆಯುವ ಮೊದಲು, ಗಿಡ್ಡ ನೆರಳನ್ನು ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಯಾವ ದಿಕ್ಕಿಗೆ ಬಿತ್ತು ಅನ್ನುವುದನ್ನೂ ಬರೆಯಲಿ, ಇದು ಮುಖ್ಯ. ಜೂನ್ ಕೊನೆಗೆ ನಮ್ಮಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಸುಮಾರು 12 ಸೆಂಟಿಮೀಟರ್. ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಹೋಗಿರುತ್ತಾನೆ. ಆಮೇಲೆ ನೆರಳು ಗಿಡ್ಡ ಆಗುತ್ತಾ ಬಂದು, ನಮ್ಮ ವಿಜಯಪುರದಲ್ಲಿ ಆಗಸ್ಟ್ 5ರ ಆಸುಪಾಸು, ನಿಮ್ಮ ಬಾಗಲಕೋಟೆಯಲ್ಲಿ 8ರ ಆಸುಪಾಸು, ಒಂದು ಗಳಿಗೆ ನೆರಳೇ ಇರುವುದಿಲ್ಲ. ಕೋಲಿನ ಬುಡದಲ್ಲೇ ಅಡಗುತ್ತದೆ. ಅದಾದ ಮೇಲೆ ಉತ್ತರಕ್ಕೆ ಬೀಳಲು ಶುರು, ಡಿಸೆಂಬರ್ 22ರ ಹೊತ್ತಿಗೆ 84 ಸೆಂಟಿಮೀಟರಿನಷ್ಟು ಉದ್ದ. ಇದೇ ಶೂನ್ಯ ನೆರಳಿನ ದಿನ ಮೇ ಮೊದಲ ವಾರದಲ್ಲೂ ಬರುತ್ತದೆ, ಆದರೆ ಆಗ ರಜೆ. ಆಗಸ್ಟ್‌ನಲ್ಲಿ ಶಾಲೆ ಇರುತ್ತದೆ, ಮೋಡವೂ ಇರುತ್ತದೆ. ಮೋಡ ಇದ್ದರೆ ಬೇಜಾರಾಗಬೇಡಿ, ಮೊದಲಿನ ಮತ್ತು ನಂತರದ ಅಳತೆ ಇದ್ದರೆ ಕೆಲಸ ನಡೆಯುತ್ತದೆ. ಸೂರ್ಯನನ್ನು ಮಾತ್ರ ಯಾರೂ ನೇರವಾಗಿ ನೋಡಬಾರದು, ಇದನ್ನು ಪ್ರತಿ ಸಲವೂ ಹೇಳಿ.

ಇನ್ನೊಂದು, ಪ್ರವಾಸಕ್ಕೆ ಗೋಳಗುಮ್ಮಟಕ್ಕೆ ಬರುವುದಿದ್ದರೆ ಸುಮ್ನೆ ಕರೆತಂದು ಕೂಗಿಸಿ ಕಳಿಸಬೇಡಿ. ಅಲ್ಲಿ ದಿನವೂ ನೋಡುತ್ತೇನೆ, ಬಸ್ಸುಗಟ್ಟಲೆ ಮಕ್ಕಳು ಮೇಲೆ ಹತ್ತಿ ಒಟ್ಟಿಗೆ ಚೀರುತ್ತಾರೆ, ಯಾರಿಗೂ ಏನೂ ಕೇಳಿಸುವುದಿಲ್ಲ, ಇಳಿಯುತ್ತಾರೆ. ಬರುವ ವಾರ ಮೊದಲು ಶಾಲೆಯಲ್ಲಿ ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನು ಮಾಡಿಸಿ, ದಾರ ಬಿಗಿ ಇದ್ದರೆ ಕೇಳಿಸುತ್ತದೆ, ಸಡಿಲ ಇದ್ದರೆ ಇಲ್ಲ ಅನ್ನುವುದು ಗೊತ್ತಾಗಲಿ. ಬೆಳಿಗ್ಗೆ ಬೇಗ ಬನ್ನಿ, ಜನ ಕಮ್ಮಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಮೂಲೆಯ ಗೋಪುರದ ಏಳು ಅಂತಸ್ತು ಹತ್ತಿ ಮೇಲೆ ಹೋದ ಮೇಲೆ ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ನಿಲ್ಲಿಸಿ. ನಡುವೆ ಸುಮಾರು 38 ಮೀಟರ್ ಅಂತರ. ಒಬ್ಬ ಗೋಡೆಗೆ ಬಾಯಿಟ್ಟು ಪಿಸುಗುಡಲಿ, ಇನ್ನೊಬ್ಬ ಗೋಡೆಗೆ ಕಿವಿ ಇಟ್ಟು ಕೇಳಿದ್ದನ್ನು ಚೀಟಿಯಲ್ಲಿ ಬರೆಯಲಿ. ಕೆಳಗೆ ಬಂದ ಮೇಲೆ ಚೀಟಿ ಹೋಲಿಸಿ ನೋಡಲಿ. ಹಾಗೆಯೇ ಒಳಗಿನ ಚೌಕದ ಒಂದು ಬದಿಯನ್ನು ಹೆಜ್ಜೆಯಲ್ಲಿ ಅಳೆಯಲಿ, ಅದು ಸುಮಾರು 41 ಮೀಟರ್. ನಡುವೆ ಒಂದೂ ಕಂಬ ಇಲ್ಲ ಅನ್ನುವುದು ಹೆಜ್ಜೆ ಎಣಿಸುತ್ತಾ ನಡೆದ ಮಗುವಿಗೆ ತಾನಾಗೇ ಕಾಣುತ್ತದೆ. 1656ರಲ್ಲಿ ಕಟ್ಟಿ ಮುಗಿಸಿದ್ದು ಅಂತ ಆಗ ಹೇಳಿ, ನೆನಪಿರುತ್ತದೆ.


ಪಾಠ_ಮುಗಿಯಬೇಕು, ಜೂನ್ 8

ಎಲ್ಲ ಸರಿ. ಆದರೆ ನಾನೂ ಎರಡು ತರಗತಿ ನೋಡುವವನು, ಕಷ್ಟ ಗೊತ್ತಿದ್ದೇ ಕೇಳುತ್ತಿದ್ದೇನೆ. ಮಣ್ಣು, ಕೋಲು, ಪ್ರವಾಸ ಅಂತ ಹೋದರೆ ಪಾಠ ಯಾವಾಗ ಮುಗಿಸುವುದು? ಪರೀಕ್ಷೆ ಬರುತ್ತದೆ, ಮೇಲಿನವರು ಬರುತ್ತಾರೆ, ನೋಟ್ಸ್ ತೋರಿಸಿ ಅನ್ನುತ್ತಾರೆ. ಪಾಲಕರೂ ಅಷ್ಟೇ, ಮಗ ಮನೆಗೆ ಬಂದಾಗ ಅಂಗಿ ತುಂಬಾ ಮಣ್ಣಿದ್ದರೆ ಶಾಲೆಯಲ್ಲಿ ಏನು ಕಲಿಸುತ್ತೀರಿ ಅಂತ ಕೇಳುತ್ತಾರೆ.


ಮಲಪ್ರಭಾ_ದಂಡೆ, ಜೂನ್ 8

ಸರ್, ನಿಮ್ಮ ಚಿಂತೆ ನ್ಯಾಯವಾದದ್ದೇ. ನಾನು ಇದನ್ನು ಪಾಠ ಬಿಟ್ಟು ಮಾಡುವುದಿಲ್ಲ. ಮಣ್ಣು, ನೀರು, ಬೆಳೆ ಎಲ್ಲ ಪರಿಸರ ಅಧ್ಯಯನದಲ್ಲೇ ಬರುತ್ತವೆ, ಅಳತೆ ಗಣಿತದಲ್ಲಿ ಬರುತ್ತದೆ. ಕಲಿಕೆಯ ನಡುವೆಯೇ ಮಾಡುವ ರೂಪಣಾತ್ಮಕ ಮೌಲ್ಯಮಾಪನಕ್ಕೆ ಹೇಗೂ ಚಟುವಟಿಕೆ ಮಾಡಿಸಿ ದಾಖಲೆ ಇಡಲೇಬೇಕಲ್ಲ, ಅದಕ್ಕೆ ಇದನ್ನೇ ಇಟ್ಟೆ. ಮಕ್ಕಳೇ ಬರೆದ ಬಿರುಕಿನ ಪಟ್ಟಿ, ನೀರಿನ ಅಳತೆ. ನೋಡಲು ಬಂದವರಿಗೆ ಅದನ್ನೇ ತೋರಿಸಿದೆ. ತಿಂಗಳಿಗೊಂದು ಸಂಭ್ರಮ ಶನಿವಾರವೂ ಇದೆ, ಬ್ಯಾಗ್ ಇಲ್ಲದ ದಿನ. ಪಾಲಕರಿಗೆ ನಾನು ಹೇಳುವುದಿಲ್ಲ, ಮಕ್ಕಳ ಕೈಯಲ್ಲೇ ಹೇಳಿಸುತ್ತೇನೆ. ಒಡೆಯದ ಎತ್ತು ಮನೆಗೆ ಹೋದರೆ ಅವ್ವ ಅಪ್ಪ ಇಬ್ಬರೂ ಕೇಳುತ್ತಾರೆ.


ಶಹಾಪುರದ_ಅವ್ವ (ಬೆಳಗಾವಿ), ಜೂನ್ 10

ನಾನು ಟೀಚರ್ ಅಲ್ಲ, ತಾಯಿ. ಆದರೂ ಬರೆಯಬೇಕು ಅನ್ನಿಸಿತು. ನನ್ನ ಮಗ ಐದನೆಯ ತರಗತಿ, ಖಾಸಗಿ ಶಾಲೆ. ತಿಂಗಳಿಗೊಂದು ಪ್ರಾಜೆಕ್ಟ್ ಕೊಡುತ್ತಾರೆ. ಕಳೆದ ವರ್ಷ ಜ್ವಾಲಾಮುಖಿ, ಸೌರಮಂಡಲ, ಸ್ಮಾರ್ಟ್ ಸಿಟಿ ಎಲ್ಲ ಆಯಿತು. ಎಲ್ಲವನ್ನೂ ರಾತ್ರಿ ಹನ್ನೊಂದರವರೆಗೆ ಕೂತು ನಾನು ಮಾಡಿದೆ, ಎರಡು ಸಲ ಅಂಗಡಿಯಿಂದ ಮಾಡಿದ್ದನ್ನೇ ತಂದೆ, ಯಾಕಂದರೆ ಶಾಲೆಯಲ್ಲಿ ಚೆಂದ ಕಂಡಿದ್ದನ್ನೇ ಮುಂದೆ ಇಡುತ್ತಾರೆ. ಮಗ ಪಕ್ಕದಲ್ಲಿ ನಿದ್ದೆ ಹೋಗಿರುತ್ತಿದ್ದ. ಇದು ಅವನ ಕಲಿಕೆ ಅಂತ ನನಗೆ ಒಪ್ಪಲು ಆಗುವುದಿಲ್ಲ.

ಅದಕ್ಕೇ ಟೀಚರ್, ಮನೆಗೆ ಕೆಲಸ ಕೊಡುವುದಿದ್ದರೆ ಮಗು ಒಬ್ಬನೇ ಮಾಡಬಲ್ಲದ್ದನ್ನು ಕೊಡಿ. ರಜೆಯಲ್ಲಿ ನಾನು ಒಂದು ಮಾಡಿ ನೋಡಿದೆ. ಅವನ ಕೈಗೆ 200 ರೂಪಾಯಿ ಕೊಟ್ಟು, ವಾರದ ಕಾಯಿಪಲ್ಲೆ ನೀನೇ ತಾ, ಲೆಕ್ಕ ಬರೆ ಅಂದೆ, ನಾನು ಹತ್ತು ಹೆಜ್ಜೆ ಹಿಂದೆ ನಿಂತೆ. ಮೊದಲ ವಾರ ಮೊದಲ ಗಾಡಿಯಲ್ಲೇ ಎಲ್ಲ ತಗೊಂಡ, ದುಡ್ಡು ಸಾಲಲಿಲ್ಲ. ಮೂರನೆಯ ವಾರಕ್ಕೆ ಇಡೀ ಸಾಲು ಒಂದು ಸುತ್ತು ಹಾಕಿ ದರ ಕೇಳಿಕೊಂಡು ಬಂದ. ಪಾವ್ ಕಿಲೋ ಅಂದರೆ 250 ಗ್ರಾಂ ಅನ್ನುವುದನ್ನು ಪುಸ್ತಕದಲ್ಲಿ ಎಷ್ಟು ಸಲ ಓದಿದ್ದನೋ, ಮೆಣಸಿನಕಾಯಿ ತೂಕ ಹಾಕಿಸಿದಾಗ ಅವನ ಮುಖ ನೋಡಬೇಕಿತ್ತು. ನಿಮ್ಮಲ್ಲಿ ಮಕ್ಕಳ ಸಂತೆ ಮಾಡುತ್ತೀರಲ್ಲ, ಅದನ್ನು ವರ್ಷಕ್ಕೊಂದು ಸಲ ಫೋಟೋಗೆ ಮಾಡದೆ ಎರಡು ಮೂರು ಸಲ ಮಾಡಿ. ಎರಡನೆಯ ಸಲ ಮಕ್ಕಳು ಬೇರೆಯೇ ಆಗಿರುತ್ತಾರೆ.


ಅರಿವುಕೇಂದ್ರ_ಖಾನಾಪುರ, ಜೂನ್ 13

ನಾನು ಖಾನಾಪುರ ಕಡೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟೆವು, ಆವಾಗಿನಿಂದ ಸಂಜೆ ಮಕ್ಕಳು ಬರುತ್ತಾರೆ. ಅಕ್ಕೋರೇ, ನಿಮ್ಮ ಪಂಚಾಯಿತಿಯಲ್ಲೂ ಇದ್ದೇ ಇರುತ್ತದೆ, ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ.

ನಮ್ಮಲ್ಲಿ ಅರ್ಧ ಮಕ್ಕಳ ಮನೆಮಾತು ಮರಾಠಿ. ಒಂದು ದಿನ ಕತೆ ಹೇಳಿಸುತ್ತಿದ್ದೆ, ಒಬ್ಬ ಸಣ್ಣ ಹುಡುಗಿ "ಚಿಮಣಿ ಹಾರಿ ಹೋಯಿತು" ಅಂದಳು. ಕನ್ನಡದ ಮಕ್ಕಳು ಬೆರಗಾಗಿ ಕೂತರು, ದೀಪ ಹೇಗೆ ಹಾರುತ್ತದೆ ಅಂತ. ಮರಾಠಿಯಲ್ಲಿ ಚಿಮಣಿ ಅಂದರೆ ಗುಬ್ಬಿ. ಆ ಹುಡುಗಿ ಹೆದರಿ ಸುಮ್ಮನಾದಳು. ನಾನು ಗೋಡೆಗೆ ಒಂದು ದೊಡ್ಡ ಕಾಗದ ಹಚ್ಚಿ, ಒಂದು ಕಡೆ ದೀಪ, ಒಂದು ಕಡೆ ಗುಬ್ಬಿ ಬರೆಸಿ, ನಡುವೆ ಚಿಮಣಿ ಅಂತ ಅವಳ ಕೈಯಲ್ಲೇ ಬರೆಸಿದೆ. ಇಂಥ ಪದ ಇನ್ನೂ ಇವೆಯಾ ಹುಡುಕಿ ತನ್ನಿ ಅಂದೆ. ಈಗ ಆ ಕಾಗದದ ಪಕ್ಕ ಮೂರು ಕಾಗದ ಬಂದಿವೆ. ಹುಣಸೆಗೆ ಚಿಂಚ್, ಬದನೆಗೆ ವಾಂಗಿ ಅಂತ ಜೋಡಿ ಪದಗಳೂ ಸೇರಿವೆ. ಮಾತಾಡದ ಮಕ್ಕಳೇ ಜಾಸ್ತಿ ಪದ ತಂದವರು, ಯಾಕಂದರೆ ಅವರ ಮನೆಯಲ್ಲಿ ಇದ್ದದ್ದು ಇಲ್ಲಿ ಬೇಕಾಯಿತು.

ಬಾಗಲಕೋಟೆ ಕಡೆ ಇನ್ನೊಂದು ಮಾಡಬಹುದು. ಮನೆಯ ಅಮ್ಮ, ಅಜ್ಜಿಯಿಂದ ಒಂದು ಬೀಸುವ ಪದ, ಒಂದು ಒಡಪು ಕೇಳಿ, ಅವರು ಹೇಳಿದ ಹಾಗೇ ಬರೆದು ತರಲಿ. ಬೀಸುವ ಪದ ಮೂರು ಸಾಲಿನದು, ತ್ರಿಪದಿ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ಸುಮಾರು 700ನೆಯ ಇಸವಿಯದು, ಅದರಲ್ಲೂ ತ್ರಿಪದಿಯೇ ಇದೆ. ಅಜ್ಜಿಯ ಹಾಡಿನ ಅಳತೆ ಕಲ್ಲಿನ ಮೇಲೂ ಇದೆ ಅಂತ ಅಲ್ಲಿ ನಿಂತು ತೋರಿಸಿದರೆ ಹೇಗಿರುತ್ತದೆ ಯೋಚಿಸಿ. ಆಮೇಲೆ ಮಕ್ಕಳೇ ಮೂರು ಸಾಲು ಕಟ್ಟಲಿ, ತಮ್ಮ ಬಿಸಿಯೂಟದ ಮೇಲೋ, ಬಸ್ಸಿನ ಮೇಲೋ.


ಎರಿಹೊಲದ_ಟೀಚರ್, ಆಗಸ್ಟ್ 14

ಎಲ್ಲರಿಗೂ ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸಿ. ಮಾಡಿ ನೋಡದೆ ಬರೆಯಬಾರದು ಅಂತ ಕಾದೆ.

ಸಾಲು ಮುರಿದೆ. ಮೊದಲ ವಾರ ಗದ್ದಲ ತಡೆಯಲು ಆಗಲಿಲ್ಲ, ಈಗ ಪರವಾಗಿಲ್ಲ. ಎತ್ತು ಮಾಡಿಸಿದೆ. ನಮ್ಮಲ್ಲಿ ಮಳೆ ಬಂದು ಎರಡು ದಿನ ಒಣಗಲೇ ಇಲ್ಲ, ಮೂರನೆಯ ದಿನ ಬಿಸಿಯೂಟದ ಒಲೆ ಪಕ್ಕ ಇಟ್ಟೆವು, ಒಲೆಗೆ ಹತ್ತಿರ ಇದ್ದವು ಜಾಸ್ತಿ ಒಡೆದವು. ಹಾಗಾಗಿ ಬೂದಿಯಿಂದ ಉಳಿಯಿತೋ ದೂರ ಇದ್ದದ್ದಕ್ಕೆ ಉಳಿಯಿತೋ ಅಂತ ಮಕ್ಕಳಲ್ಲೇ ಎರಡು ಪಕ್ಷ ಆಯಿತು. ಮತ್ತೆ ಮಾಡೋಣ, ಎಲ್ಲವನ್ನೂ ಒಂದೇ ಕಡೆ ಇಡೋಣ ಅಂತ ಅವರೇ ಹೇಳಿದರು. ಎರಡನೆಯ ಸಲದ್ದು ಚೆನ್ನಾಗಿ ಬಂತು.

ಕೋಲು ನೆಟ್ಟೆವು. ಜೂನ್ ಕೊನೆಯ ಅಳತೆ 13 ಸೆಂಟಿಮೀಟರ್, ಅಡುಗೆ ಕೋಣೆಯ ಕಡೆಗೆ. ನಮಗೆ ಅದು ದಕ್ಷಿಣ. ಜುಲೈ ಕೊನೆಗೆ 4 ಸೆಂಟಿಮೀಟರ್, ಅದೇ ಕಡೆಗೆ. ಆಗಸ್ಟ್ 6ರಿಂದ ದಿನಾ ಹೊರಗೆ ನಿಂತೆವು. ಮೋಡ. 7, ಮೋಡ. 8, ಮಳೆ. ಹತ್ತನೆಯ ತಾರೀಕಿನ ತನಕ ಒಂದು ದಿನವೂ ಆ ಹೊತ್ತಿಗೆ ಬಿಸಿಲು ಬೀಳಲಿಲ್ಲ. ಮಕ್ಕಳು ತುಂಬಾ ಸಪ್ಪಗಾದರು, ನನಗೂ ಹಾಗೇ ಆಯಿತು. ಇವತ್ತು ಊಟದ ಹೊತ್ತಿಗೆ ಹತ್ತು ನಿಮಿಷ ಬಿಸಿಲು ಬಂತು. ತಟ್ಟೆ ಕೆಳಗಿಟ್ಟು ಓಡಿದರು. ನೆರಳು ಮೂರು ಸೆಂಟಿಮೀಟರ್, ಆದರೆ ಗೇಟಿನ ಕಡೆಗೆ.

ನಾಲ್ಕನೆಯ ತರಗತಿಯ ಒಬ್ಬ ಹುಡುಗಿ, ಜೂನ್‌ನಿಂದ ಇವತ್ತಿನವರೆಗೆ ನಾನು ಕೇಳದೆ ಒಂದು ಮಾತೂ ಆಡದವಳು, ನೋಟ್‌ಬುಕ್ ಕಸಿದುಕೊಂಡು ಹಿಂದಿನ ಪುಟ ತಿರುಗಿಸಿದಳು. ಅಡುಗೆ ಕೋಣೆ, ಅಡುಗೆ ಕೋಣೆ, ಅಡುಗೆ ಕೋಣೆ ಅಂತ ಬೆರಳಿಟ್ಟು ಓದಿದಳು. ಆಮೇಲೆ ಗೇಟು ನೋಡಿದಳು. "ಅಕ್ಕೋರ, ನಡುವ ಒಂದಿನ ನೆರಳ ಇರಲಿಲ್ರಿ. ಮೋಡದಾಗ ಬಂದು ಹೋಗೇತ್ರಿ ಅದು" ಅಂದಳು.

ಖಾಲಿ ಇದ್ದ ಆ ಐದು ದಿನದ ಸಾಲಿನಲ್ಲಿ ಏನು ಬರೆಯಬೇಕು ಅಂತ ಈಗ ಜಗಳ ನಡೆದಿದೆ. ಸೊನ್ನೆ ಬರೆಯಬೇಕು ಅಂತ ಅವಳು, ನೋಡದೇ ಇದ್ದದ್ದನ್ನು ಬರೆಯಬಾರದು ಅಂತ ಐದನೆಯವರು. ನಾಳೆ ಧ್ವಜಾರೋಹಣ, ಅದಾದ ಮೇಲೆ ಕೂತು ತೀರ್ಮಾನ ಮಾಡೋಣ ಅಂದಿದ್ದೇನೆ. ಗುಮ್ಮಟದೂರು ಸರ್, ಡಿಸೆಂಬರಿನ 84 ಸೆಂಟಿಮೀಟರ್ ಅವರಿಗೆ ಹೇಳಿಲ್ಲ, ಅವರೇ ಅಳೆಯಲಿ.